ಆಟವು ಹರಾಜಿಗೆ ಬಂದ ಕಥೆ

ಬೈರಮಂಗಲದ ಸುತ್ತುಮುತ್ತ ರೇಷ್ಮೆ ಬೆಳೆಯುವ ಮನೆಗಳವರಿಗೆ ಹರಾಜೆಂದರೆ ಏನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದು ಸುರಿದರೆ, ನೂಲು ಬಿಚ್ಚುವ ರೀಲರು ಬಂದು ನಾಲ್ಕು ಗೂಡನ್ನು ಕೈಗೆತ್ತಿಕೊಂಡು, ಅದುಮಿ, ಕಿವಿಯ ಬಳಿ ಅಲುಗಿಸಿ ನೋಡಿದ ಮೇಲೆಯೇ ಬೆಲೆ ಹೇಳುವುದು. ಹಿಂದೆ ಬಾಯಿಂದ ಕೂಗುತ್ತಿದ್ದ ಸವಾಲನ್ನು ಈಗ ಮೊಬೈಲ್ ಫೋನಿನಲ್ಲಿ ಒತ್ತುತ್ತಾರೆ, ಅಷ್ಟೆ. ಮಾಲು ಮಾತ್ರ ಕಣ್ಣೆದುರಿಗೇ ಇರುತ್ತದೆ.

2022ರ ಜೂನ್ ತಿಂಗಳಿನಲ್ಲಿ ಭಾರತದ ಕ್ರಿಕೆಟ್ ನಿಯಂತ್ರಣ ಮಂಡಲಿಯವರು ಇಂತಹದೇ ಒಂದು ವಿದ್ಯುನ್ಮಾನ ಹರಾಜನ್ನು ಮೂರು ದಿನಗಳ ಕಾಲ ನಡೆಸಿದರು. ಅಲ್ಲಿ ಮಾಲು ಕಣ್ಣೆದುರಿಗಿರಲಿಲ್ಲ. 2023ರಿಂದ 2027ರವರೆಗೆ, ಇನ್ನು ಮುಂದೆ ಆಡಬೇಕಾಗಿದ್ದ ಐ.ಪಿ.ಎಲ್. ಪಂದ್ಯಗಳು ಅಲ್ಲಿ ವಿಕ್ರಯಕ್ಕಿದ್ದವು. ಹುಳು ಚಾಕಿಗೆ ಬರುವ ಮೊದಲೇ ಐದು ವರ್ಷದ ಬೆಳೆಯನ್ನು ಕೂಗಿದಂತಾಯಿತು. ಕೊನೆಗೆ ನಿಂತ ಮೊತ್ತ 48,390 ಕೋಟಿ ರೂಪಾಯಿ. ಪಂದ್ಯವೊಂದಕ್ಕೆ ಸರಿಸುಮಾರು 118 ಕೋಟಿ. ಹಾಗಾದರೆ ಮಾರಿದ್ದೇನನ್ನು ಎಂದು ನೀವು ಕೇಳಬಹುದು. ಆಟವನ್ನಲ್ಲ, ಆಟಗಾರರನ್ನಲ್ಲ, ಮೈದಾನವನ್ನೂ ಅಲ್ಲ. ಆಟವನ್ನು ಮನೆಮನೆಗೆ ತೋರಿಸುವ ಹಕ್ಕನ್ನು.

ಈ ‘ಹಕ್ಕು’ ಎಂಬ ಮಾತಿನ ಬಳಿ ಒಂದು ಗಳಿಗೆ ನಿಲ್ಲಬೇಕು. ಇದು ಅರಬ್ಬೀ ಮೂಲದ ಮಾತು. ಅಲ್ಲಿ ಸತ್ಯವೆಂದೂ, ನ್ಯಾಯವಾಗಿ ಸಲ್ಲತಕ್ಕದ್ದೆಂದೂ ಅದಕ್ಕೆ ಅರ್ಥವಿದೆ. ನಮ್ಮ ಮನೆಗಳ ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಬಿಚ್ಚಿ ನೋಡಿ: ‘ಹಕ್ಕು’ ಅಲ್ಲಿ ಒಂಟಿಯಾಗಿ ಬರುವುದು ಅಪರೂಪ, ‘ಹಕ್ಕುಬಾಧ್ಯತೆ’ ಎಂದು ಜೋಡಿಯಾಗಿಯೇ ಬರುತ್ತದೆ. ಹೊಲ ಯಾರಿಗೆ ಬಂದಿತೋ ಅದರ ಕಂದಾಯವೂ ಅವರಿಗೇ. ಆಟದ ಪ್ರಸಾರದಲ್ಲಿ ಈ ಜೋಡಿಪದ ಹೇಗೆ ಒಡೆಯಿತು, ಅದನ್ನು ಮತ್ತೆ ಕೂಡಿಸಲು ಯಾರು ಯಾರು ಯತ್ನಿಸಿದರು ಎಂಬುದೇ ಈ ಲೇಖನದ ವಿಷಯ.

ಬಾನುಲಿಯ ಮೊದಲ ದಿನಗಳಲ್ಲಿ ಈ ತೊಡಕಿರಲಿಲ್ಲ. 1934ರಲ್ಲಿ ಮುಂಬಯಿಯ ಕ್ರಿಕೆಟ್ ಪಂದ್ಯಗಳನ್ನು ಎ.ಎಫ್.ಎಸ್. ತಲ್ಯಾರ್‌ಖಾನರು ಬಣ್ಣಿಸಿ ನುಡಿದರು. ಮರುವರ್ಷ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವೊಂದನ್ನು ಹೂಡಿದರು. ಆ ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಪುರಾಣದ ಅಶರೀರವಾಣಿ ಕಂಸನಿಗೆ ಕೇಳಿಸಿದಂತೆ ಅವನ ಸಾರೋಟಿನ ಪಕ್ಕದಲ್ಲಿ ನಡೆಯುತ್ತಿದ್ದವನಿಗೂ ಕೇಳಿಸಿರಬೇಕಲ್ಲವೆ? ಕಿವಿಯಿದ್ದವರಿಗೆಲ್ಲ ಸಲ್ಲುವ ವಾಣಿ ಅದು. ಆಗ ಕೇಳುವವನು ಕೊಡಬೇಕಾದದ್ದು ರೇಡಿಯೋ ಲೈಸೆನ್ಸಿನ ಹಣ ಮಾತ್ರ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಅದನ್ನು ಕಟ್ಟಿ ಬಂದರೆ ಮುಗಿಯಿತು. ಸಂಗೀತ ಕಚೇರಿಯೂ ಹವಾಮಾನವೂ ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆಯೂ ಟೆಸ್ಟ್ ಪಂದ್ಯವೂ ಅದರೊಳಗೇ ಅಡಕ. (‘ವೀಕ್ಷಕ ವಿವರಣೆ’ ಎಂಬ ಮಾತನ್ನು ಟಂಕಿಸಿದವರು ಯಾರೇ ಇರಲಿ, ಅವರಿಗೆ ನಮಸ್ಕಾರ ಸಲ್ಲಬೇಕು.) 1980ರ ದಶಕದಲ್ಲಿ ಆ ಲೈಸೆನ್ಸೂ ರದ್ದಾಯಿತು.

ದೂರದರ್ಶನ 1959ರಲ್ಲಿ ದೆಹಲಿಯಲ್ಲಿ ಹುಟ್ಟಿತು. ಬೆಂಗಳೂರಿಗೆ ಬರಲು 1981 ಆಗಬೇಕಾಯಿತು. 1983ರ ಜೂನ್ 25ರಂದು ಕಪಿಲ್ ದೇವ್ ಅವರ ತಂಡ ವಿಶ್ವಕಪ್ಪನ್ನು ಗೆದ್ದುದನ್ನು, ಪೆಟ್ಟಿಗೆಯಿದ್ದ ಮನೆಗಳ ನಡುಮನೆಯಲ್ಲಿ ನೆರೆಹೊರೆಯವರೆಲ್ಲ ನೆರೆದು ಕಂಡರು. ಇಷ್ಟು ಜನ ನೋಡುವ ವಸ್ತುವಿಗೆ ಬೆಲೆಯುಂಟೆಂಬುದು ಆಗಲೂ ಯಾರಿಗೂ ಹೊಳೆಯಲಿಲ್ಲ. ಪಂದ್ಯವೊಂದನ್ನು ತೋರಿಸಲು ದೂರದರ್ಶನವೇ ಮಂಡಲಿಯಿಂದ ಐದು ಲಕ್ಷ ರೂಪಾಯಿ ಕೇಳುತ್ತಿತ್ತೆಂದು ಆ ಕಾಲದ ಮಂಡಲಿಯ ಅಧಿಕಾರಿಗಳು ಹೇಳಿದ್ದಾರೆ.

ಕಣ್ಣು ತೆರೆಸಿದವರು ದಕ್ಷಿಣ ಆಫ್ರಿಕದವರು. ವರ್ಣಭೇದದ ಕಾರಣ ಎರಡು ದಶಕಗಳಿಗೂ ಮೀರಿ ಹೊರಗಿದ್ದು, 1991ರ ನವೆಂಬರಿನಲ್ಲಿ ಅವರ ತಂಡ ಭಾರತಕ್ಕೆ ಬಂದಿತು. ಆ ಮೂರು ಪಂದ್ಯಗಳನ್ನು ತಮ್ಮ ನಾಡಿನಲ್ಲಿ ತೋರಿಸಲು ಏನು ಕೊಡಬೇಕೆಂದು ಅವರು ಕೇಳಿದಾಗ ನಮ್ಮ ಮಂಡಲಿಯವರಿಗೆ ಉತ್ತರವೇ ಗೊತ್ತಿರಲಿಲ್ಲವಂತೆ. ಕಡೆಗೆ 1,20,000 ಡಾಲರಿಗೆ ಒಪ್ಪಂದವಾಯಿತು. ಅದೇ ಹೊತ್ತಿಗೆ ಉಪಗ್ರಹದ ಖಾಸಗಿ ವಾಹಿನಿಗಳು ನಮ್ಮ ಆಕಾಶಕ್ಕೆ ಬಂದಿದ್ದವು. ಒಬ್ಬನೇ ಕೊಳ್ಳುವವನಿದ್ದ ಸಂತೆಗೆ ಹಲವರು ಬಂದರೆ ಬೆಲೆ ಏರುವುದು ಸಹಜ.

ಮುಂದಿನ ಘಟ್ಟವೇ ಈ ಕಥೆಯ ತಿರುಳು. 1993ರ ನವೆಂಬರಿನಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಯವರು ಹೀರೋ ಕಪ್ ಪಂದ್ಯಾವಳಿಯನ್ನು ನಡೆಸಿದರು. ದೂರದರ್ಶನ ಒಂದು ಕೋಟಿ ರೂಪಾಯಿ ಕೊಡುವುದಾಗಿ ಹೇಳಿ, ಭಾರತದಲ್ಲಿ ಬೇರೆ ಯಾರಿಗೂ ಕೊಡಕೂಡದೆಂದು ಕರಾರು ಹಾಕಿತು. ಸಂಸ್ಥೆಯವರು ಹೊರದೇಶದ ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯೊಡನೆ ಕೈ ಹಿಡಿದರು. ಆಗ ಸರ್ಕಾರ 1885ರ ತಂತಿ ಕಾಯಿದೆಯನ್ನು ಹೊರತೆಗೆಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಟಕ್‌ಟಕ್ ಎನ್ನುವ ತಂತಿಗಾಗಿ ಮಾಡಿದ ಕಾನೂನು ಅದು. ಅದರ ಪ್ರಕಾರ ನೆಲದಿಂದ ಉಪಗ್ರಹಕ್ಕೆ ಚಿತ್ರವನ್ನು ಏರಿಸುವ ಅಧಿಕಾರ ಸರ್ಕಾರದ ಅಪ್ಪಣೆಯಿಲ್ಲದೆ ಯಾರಿಗೂ ಇಲ್ಲವೆಂದು ವಾದ. ಕಂಪನಿಯ ಯಂತ್ರಗಳನ್ನು ಮುಂಬಯಿಯಲ್ಲಿ ಸುಂಕದ ಇಲಾಖೆಯವರು ತಡೆಹಿಡಿದರು. ಕಲ್ಕತ್ತೆಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೂ ವ್ಯಾಜ್ಯ ಓಡಿತು. ಮೈದಾನದಲ್ಲಿ ಆಟ, ನ್ಯಾಯಾಲಯದಲ್ಲಿ ಆಟದ ಮೇಲಣ ಆಟ! ಮಧ್ಯಂತರ ಆಜ್ಞೆಗಳ ಊರುಗೋಲಿನ ಮೇಲೆ ಪ್ರಸಾರ ಸಾಗಿತು. ನವೆಂಬರ್ 27ರ ಅಂತ್ಯ ಪಂದ್ಯದಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ 12 ಓಟಗಳಿಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಕೆಡವಿದರು. ಅವರ ಹೆಸರಿನಲ್ಲಿರುವ ಕುಂಬಳೆ ಕಾಸರಗೋಡಿನ ಊರು. ಆ ದಿನದ ಆಟವನ್ನು ನೆನೆಯುವವರು ಸಾವಿರಾರು ಮಂದಿ. ಅದನ್ನು ತೋರಿಸುವ ಬಗ್ಗೆ ನಡೆದ ಜಗಳವನ್ನು ನೆನೆಯುವವರು ವಕೀಲರು ಮಾತ್ರ.

1995ರ ಫೆಬ್ರವರಿ 9ರಂದು ತೀರ್ಪು ಬಂದಿತು. ನ್ಯಾಯಮೂರ್ತಿಗಳು ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ, ಇವರಲ್ಲಿ ಮೋಹನ್ ಅವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಗಾಳಿಯಲ್ಲಿ ಸಾಗುವ ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು, ಅವನ್ನು ಸಾರ್ವಜನಿಕರ ಹಿತಕ್ಕಾಗಿಯೇ ಬಳಸಬೇಕು, ಅವುಗಳ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯವಿಲ್ಲ ಎಂಬುದು ಅದರ ಸಾರ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕೆರೆಯ ನೀರು ಅಚ್ಚುಕಟ್ಟಿನವರೆಲ್ಲರದು. ತೂಬೆತ್ತುವ ನೀರುಗಂಟಿಯದೂ ಅಲ್ಲ, ತೂಬಿನ ಬಾಯಲ್ಲೇ ಗದ್ದೆಯುಳ್ಳ ಧಣಿಯದೂ ಅಲ್ಲ. ಮಾತೇನೋ ಚಿನ್ನದಂಥದು. ಆದರೆ ಎಲ್ಲರದೆಂದದ್ದು ಯಾರದೂ ಅಲ್ಲದಂತಾಗುವುದೂ ಉಂಟು. ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಬೈರಮಂಗಲದ ಕೆರೆಗೆ ಬೆಂಗಳೂರಿನ ಕೊಳಚೆ ಹರಿದು ಬಂದುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಪಿನ ತರುವಾಯ ಬೆಲೆ ಮೆಟ್ಟಿಲು ಹತ್ತಿದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ ನಡೆಯುವ ಪಂದ್ಯಗಳಿಗೆ 1999ರಲ್ಲಿ ದೂರದರ್ಶನವೇ ಐದು ವರ್ಷಕ್ಕೆ 230 ಕೋಟಿ ರೂಪಾಯಿ ಕೊಟ್ಟಿತು. ಹಿಂದೆ ಹಣ ಕೇಳಿದ ಬಾಯಿ ಈಗ ಹಣ ತೆತ್ತಿತು. 2006ರಲ್ಲಿ ನಿಂಬಸ್ ಕಂಪನಿ ನಾಲ್ಕು ವರ್ಷಕ್ಕೆ 61.2 ಕೋಟಿ ಡಾಲರ್ ಒಪ್ಪಿತು. 2012ರಲ್ಲಿ ಸ್ಟಾರ್ ಆರು ವರ್ಷಕ್ಕೆ 3,851 ಕೋಟಿ ರೂಪಾಯಿ, 2018ರಲ್ಲಿ ಅದೇ ಸ್ಟಾರ್ ಐದು ವರ್ಷಕ್ಕೆ 6,138 ಕೋಟಿ ರೂಪಾಯಿ.

ಹೊರನಾಡುಗಳಲ್ಲಿ ಈ ದಾರಿಯನ್ನು ಮೊದಲು ತುಳಿದದ್ದು ಫುಟ್‌ಬಾಲು. ಅಮೆರಿಕದವರು ಫುಟ್‌ಬಾಲೆಂದು ಕರೆಯುವ ಆಟವನ್ನು ಬಹುಮಟ್ಟಿಗೆ ಕೈಯಿಂದಲೇ ಆಡುತ್ತಾರೆ, ಅದಿರಲಿ. ಅಲ್ಲಿ 1961ರಲ್ಲಿ ಒಂದು ಕಾಯಿದೆ ಮಾಡಿ, ತಂಡಗಳೆಲ್ಲ ಒಟ್ಟಾಗಿ ಪ್ರಸಾರದ ಹಕ್ಕನ್ನು ಮಾರಬಹುದೆಂದರು. ಊರಿನ ರೈತರೆಲ್ಲ ಗೂಡನ್ನು ಒಂದೇ ರಾಶಿ ಮಾಡಿ, ನಮಗೆ ಬೇಕಾದ ಬೆಲೆ ಬರದಿದ್ದರೆ ಯಾರೂ ಕೊಡುವುದಿಲ್ಲವೆಂದು ಕುಳಿತಂತೆ. 1962ರಲ್ಲಿ ಸಿ.ಬಿ.ಎಸ್. ಕಂಪನಿ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟಿತು. 2021ರಲ್ಲಿ ಅದೇ ಆಟಕ್ಕೆ ಹಲವು ಕಂಪನಿಗಳು ಸೇರಿ ಹನ್ನೊಂದು ವರ್ಷಕ್ಕೆ ಒಪ್ಪಿದ್ದು ಸುಮಾರು 11,000 ಕೋಟಿ ಡಾಲರ್. ಇಂಗ್ಲೆಂಡಿನ ಪ್ರೀಮಿಯರ್ ಲೀಗು 1992ರಲ್ಲಿ ಐದು ವರ್ಷಕ್ಕೆ 30.4 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡಿತು. 2015ರ ಹರಾಜಿನಲ್ಲಿ ಮೂರೇ ವರ್ಷಕ್ಕೆ 513 ಕೋಟಿ ದಾಟಿತು. ಆ ಹಣವೆಲ್ಲ ಎಲ್ಲಿಂದ? ಒಂದು ಪಾಲು ಜಾಹೀರಾತಿನಿಂದ, ಇನ್ನೊಂದು ಪಾಲು ನೋಡುವವನ ತಿಂಗಳ ಚಂದಾದಿಂದ. ಸಾಬೂನಿನ ಬೆಲೆಯಲ್ಲೂ ಆಟದ ಒಂದು ಕಾಸು ಸೇರಿದೆಯೆಂದು ತಿಳಿಯಿರಿ.

ಬಾಧ್ಯತೆಯ ಮಾತಿಗೆ ಬರೋಣ. 2004ರಲ್ಲಿ ನಮ್ಮ ತಂಡ ಪಾಕಿಸ್ತಾನಕ್ಕೆ ಹೋದಾಗ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯದಾಗಿತ್ತು. ಅದಿಲ್ಲದ ಮನೆಗಳ ಗತಿಯೇನೆಂಬ ಪ್ರಶ್ನೆ ಮತ್ತೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕೊನೆಗೆ ದೂರದರ್ಶನದಲ್ಲೂ ಆಟ ಬಂದಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸಿನವರು ಬಂದಾಗ ನಿಂಬಸ್ ಕಂಪನಿಯೊಡನೆ ಅದೇ ಹಗ್ಗಜಗ್ಗಾಟ. ಆ ವರ್ಷವೇ ಸಂಸತ್ತು ಒಂದು ಕಾಯಿದೆ ಮಾಡಿತು: ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು, ಹಕ್ಕು ಕೊಂಡವರು ಯಾರೇ ಆಗಿರಲಿ, ತಮ್ಮ ಜಾಹೀರಾತುಗಳಿಲ್ಲದೆ ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದು. ಅದರಿಂದ ಬರುವ ಜಾಹೀರಾತಿನ ಆದಾಯದಲ್ಲಿ ದೂರದರ್ಶನದ್ದಾದರೆ ನೂರಕ್ಕೆ 75 ಪಾಲು ಹಕ್ಕುದಾರನಿಗೆ, 25 ಪ್ರಸಾರ ಭಾರತಿಗೆ, ಬಾನುಲಿಯದಾದರೆ ಸಮಪಾಲು. ಹೊಲ ಕೊಂಡವನು ಕಾಲುದಾರಿ ಬಿಡಬೇಕೆಂಬ ನಮ್ಮ ಹಳ್ಳಿಯ ವಾಡಿಕೆಗೂ ಈ ಕಾಯಿದೆಗೂ ಹೆಚ್ಚು ಅಂತರವಿಲ್ಲ.

ಆದರೆ ಕಾಲುದಾರಿ ಎಷ್ಟು ಅಗಲ ಎಂಬುದೇ ತಕರಾರು. ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಗೋಪುರಗಳಿಂದಲೂ ಅದರದೇ ಉಚಿತ ಡಿಶ್ಶಿನಲ್ಲಿಯೂ ಮಾತ್ರ ಹೋಗಬೇಕು, ಕೇಬಲಿನವರ ಮೂಲಕ ಹೋಗಕೂಡದು ಎಂದು 2017ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಾಗಾಗಿ ಒಂದೇ ಬೀದಿಯಲ್ಲಿ, ಸೂರಿನ ಮೇಲೆ ಉಚಿತ ಡಿಶ್ಶಿಟ್ಟ ಬಡವನಿಗೆ ಭಾರತದ ಪಂದ್ಯ ಕಾಣಿಸೀತು. ಕೇಬಲಿಗೆ ತಿಂಗಳು ತಿಂಗಳು ಹಣ ತೆತ್ತವನು ಅದೇ ದೂರದರ್ಶನದ ವಾಹಿನಿಯನ್ನು ತಿರುಗಿಸಿದರೆ ಬೇರೇನೋ ಕಾಣಿಸೀತು. ಐ.ಪಿ.ಎಲ್. ಅಂತೂ ಆ ಮಹತ್ವದ ಪಟ್ಟಿಯಲ್ಲೇ ಇಲ್ಲ. ಅತ್ಯಂತ ದುಬಾರಿಯಾದ ಹಕ್ಕಿಗೆ ಬಾಧ್ಯತೆಯ ಗಂಟು ಬಿದ್ದಿಲ್ಲ.

ಹಣದಿಂದ ಕೇಡೇ ಆಯಿತೆಂದರೆ ಅನ್ಯಾಯವಾದೀತು. 2018ರಲ್ಲಿ ಐ.ಪಿ.ಎಲ್. ಪಂದ್ಯಗಳಿಗೆ ದೂರದರ್ಶಕದ ಪೆಟ್ಟಿಗೆಯಲ್ಲಿ ಕನ್ನಡದ ವೀಕ್ಷಕ ವಿವರಣೆ ಕೇಳಿಬಂದಿತು. ಅದಕ್ಕೆ ಕಾರಣ ಕನ್ನಡದ ಮೇಲಣ ಪ್ರೀತಿಯಲ್ಲ. ಹಿಂದಿನ ವರ್ಷ 16,347 ಕೋಟಿ ರೂಪಾಯಿ ಕೊಟ್ಟು ಕೊಂಡವರು ಅದನ್ನು ಹಿಂದಕ್ಕೆ ಪಡೆಯಲು ಹೊಸ ನೋಡುಗರನ್ನು ಹುಡುಕಬೇಕಾಗಿತ್ತು. ಕನ್ನಡ ಪಂಡಿತನಾದವನಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ, ಆದರೂ ಸತ್ಯ. ಆ ಕನ್ನಡದಲ್ಲಿ ಇಂಗ್ಲಿಷು ಅಕ್ಕಿಗಿಂತ ಕಲ್ಲು ಹೆಚ್ಚೆಂಬಂತಿದ್ದರೂ ಅಜ್ಜಿಯರಿಗೆ ಆಟ ಅರ್ಥವಾಯಿತು.

ಇನ್ನು ನಮ್ಮ ಫುಟ್‌ಬಾಲು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದಿತು, ಹಾಗೆ ಗೆದ್ದ ಮೊದಲ ಭಾರತೀಯ ತಂಡ ಅದೇ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತು, ಕೊನೆಯದು 1968–69ರಲ್ಲಿ. ಐವತ್ತನಾಲ್ಕು ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ, ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ಈ ಆಟದ ವಾಣಿಜ್ಯ ಹಕ್ಕುಗಳನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2010ರಲ್ಲಿ ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಗೆ ಕೊಟ್ಟಿತ್ತು. ಆ ಗಡುವು 2025ರ ಡಿಸೆಂಬರಿಗೆ ಮುಗಿಯಬೇಕಾಗಿತ್ತು. ಅದಕ್ಕೆ ಮುಂಚೆ ಕರೆದ ಹೊಸ ಟೆಂಡರಿಗೆ ನವೆಂಬರಿನ ಗಡುವಿನೊಳಗೆ ಒಬ್ಬರೂ ಸವಾಲು ಹಾಕಲಿಲ್ಲ. ಮುಂದೇನೆಂದು ತಿಳಿಯದೆ ಬೆಂಗಳೂರಿನ ತಂಡ ಆಗಸ್ಟಿನಲ್ಲೇ ಆಟಗಾರರ ಸಂಬಳ ನಿಲ್ಲಿಸಿತ್ತು. ಒಂದೇ ಊರಿನಲ್ಲಿ ಒಂದು ಆಟಕ್ಕೆ ಪಂದ್ಯಕ್ಕೆ ನೂರು ಕೋಟಿ ದಾಟುವ ಬೆಲೆ, ಇನ್ನೊಂದಕ್ಕೆ ಆಗ ಕೊಳ್ಳುವವರೇ ಇರಲಿಲ್ಲ.

ಕ್ರಿಕೆಟಿನ ಸಂತೆಯಲ್ಲೂ ಗಾಳಿ ತಿರುಗಿದೆ. 2022ರಲ್ಲಿ ಒಬ್ಬರಿಗೊಬ್ಬರು ಏರಿಸಿ ಕೂಗಿದ ಸ್ಟಾರ್ ಮತ್ತು ವಯಾಕಾಮ್18 ಬಳಗಗಳು 2024ರ ನವೆಂಬರಿನಲ್ಲಿ ಒಂದೇ ಕಂಪನಿಯಾದವು. ಎದುರೆದುರು ನಿಂತು ಕೂಗಬೇಕಾದ ಇಬ್ಬರು ರೀಲರುಗಳು ಹೆಗಲ ಮೇಲೆ ಕೈಹಾಕಿಕೊಂಡು ಬಂದ ದಿನ ಗೂಡಿನ ದರ ಏನಾಗುತ್ತದೆಂದು ರಾಮನಗರದ ಕಟ್ಟೆಯಲ್ಲಿ ಕುಳಿತ ಯಾವ ರೈತನನ್ನಾದರೂ ಕೇಳಿ ನೋಡಿ. ಮುಂದಿನ ಹರಾಜು 2027ರ ಬಳಿಕದ ಪಂದ್ಯಗಳಿಗೆ.

ರೇಡಿಯೋ ಇಟ್ಟುಕೊಂಡ ಮನೆಗಳ ಪಾಲಿಗೆ ಬಂದದ್ದು ಇಷ್ಟು: 2019ರ ಸೆಪ್ಟೆಂಬರಿನಲ್ಲಿ ಮಂಡಲಿಗೂ ಆಕಾಶವಾಣಿಗೂ ಎರಡು ವರ್ಷದ ಒಪ್ಪಂದವಾಗಿ, ಭಾರತದಲ್ಲಿ ನಡೆಯುವ ಅಂತರರಾಷ್ಟ್ರೀಯ ಪಂದ್ಯಗಳ ಜೊತೆಗೆ ರಣಜಿ ಪಂದ್ಯಗಳ ವೀಕ್ಷಕ ವಿವರಣೆಯೂ ಬಾನುಲಿಯಲ್ಲಿ ಬರುವಂತಾಯಿತು. ಅದನ್ನು ಕೇಳಲು ಚಂದಾ ಕಟ್ಟಬೇಕಾಗಿರಲಿಲ್ಲ.