ಟ್ಯಾಪ್‌ನಲ್ಲಿ ಮಾವು, ರಾಗಿ, ಕಾಫಿ: ಬ್ರೂಪಬ್ ಸೀಸನ್ ಬಿಯರ್ ಅಂದ್ರೆ ಏನು? ನಮ್ಮ ಬೆಳೆಗೆ ಲಾಭ ಇದೆಯಾ?

ಕೋಲಾರ: ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಮಾವಿನ ಬಿಯರ್, ರಾಗಿ ಬಿಯರ್ ಸಿಗುತ್ತೆ ಅನ್ನೋದು ನಮ್ಮ ಕಡೆ ಈಗ ಹೊಸ ಸುದ್ದಿ ಅಲ್ಲ. ಮಾವಿನ ರೇಟ್ ಬಿದ್ದಾಗ ಹಣ್ಣನ್ನ ಬಿಯರ್ ಮಾಡೋರಿಗೆ ಕೊಟ್ರೆ ಆಗಲ್ವಾ ಅನ್ನೋ ಪ್ರಶ್ನೆಯೂ ಬರುತ್ತೆ. ಈ ಬಿಯರ್ ಹೇಗೆ ಆಗುತ್ತೆ, ಅದರಲ್ಲಿ ನಮ್ಮ ಬೆಳೆ ಎಷ್ಟಿರುತ್ತೆ, ಕುಡಿಯೋರು ಏನು ಗಮನಿಸಬೇಕು ಅನ್ನೋ ವಿವರ ಇಲ್ಲಿದೆ.

ಬ್ರೂಪಬ್ ಅಂದ್ರೆ ಏನು?

ಬಿಯರ್ ತಯಾರಿಸಿ ಅದೇ ಕಟ್ಟಡದಲ್ಲಿ ಮಾರುವ ಜಾಗವೇ ಬ್ರೂಪಬ್. ಬೆಂಗಳೂರಿನಲ್ಲಿ ಇದು ಶುರುವಾಗಿದ್ದು 2010-11ರ ಹೊತ್ತಿಗೆ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್ ಮೊದಲ ಸಾಲಿನವು. ಬಾಟಲಿ ಬಿಯರ್‌ನಂತೆ ಇಲ್ಲಿನ ಬಿಯರನ್ನ ಸಾಮಾನ್ಯವಾಗಿ ಬಿಸಿ ಮಾಡಿ ಪಾಶ್ಚೀಕರಿಸಲ್ಲ. ಹಾಗಾಗಿ ತಣ್ಣಗೆ ಇಡಬೇಕು, ಬೇಗ ಖಾಲಿ ಮಾಡಬೇಕು.

ಬೋರ್ಡ್‌ನಲ್ಲಿ ಕೆಲವು ಹೆಸರು ವರ್ಷವಿಡೀ ಇರುತ್ತವೆ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಅಂಥದ್ದು, ಅದಕ್ಕೆ ಅಕ್ಕಿ ಬಳಸುತ್ತಾರೆ. ಉಳಿದವು ಸೀಸನ್‌ಗೆ ಬಂದು ಹೋಗುವಂಥವು. ಪ್ರಯೋಗಕ್ಕೆ ಅಂತ ಸಣ್ಣ ಬ್ಯಾಚ್ ಮಾಡಿ ಗಿರಾಕಿಗಳ ರುಚಿ ನೋಡುವುದೂ ಉಂಟು. ಅದು ಖಾಲಿ ಆದ್ರೆ ಮುಗೀತು, ಮತ್ತೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

'ಸೀಸನ್' ಎಲ್ಲಿಂದ ಬಂತು?

ಫ್ರಿಜ್ ಇಲ್ಲದ ಕಾಲದಲ್ಲಿ ಬಿಸಿಲಿಗೆ ಬಿಯರ್ ಕೆಡುತ್ತಿತ್ತು. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿದ್ದರು. ಅದಕ್ಕೇ ಮಾರ್ಚ್‌ನಲ್ಲಿ ಸ್ವಲ್ಪ ಗಟ್ಟಿ ಬಿಯರ್ ಮಾಡಿ ತಂಪು ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಅದೇ ಮಾರ್ಜನ್, ಅಂದ್ರೆ ಮಾರ್ಚ್ ಬಿಯರ್. ಇವತ್ತು ಅಕ್ಟೋಬರ್ ಫೆಸ್ಟ್ ಹೆಸರಲ್ಲಿ ನಮ್ಮ ಬ್ರೂಪಬ್‌ಗಳೂ ಅದನ್ನ ಮಾಡುತ್ತವೆ. ಈಗ ಕೂಲಿಂಗ್ ಟ್ಯಾಂಕ್ ಇದೆ, ಹವಾಮಾನದ ಅಡ್ಡಿ ಇಲ್ಲ. ಹಾಗಾಗಿ ನಮ್ಮಲ್ಲಿ ಸೀಸನ್ ಅಂದ್ರೆ ಹೆಚ್ಚಾಗಿ ಹಣ್ಣಿನ ಸೀಸನ್.

ಒಂದು ಗ್ಲಾಸ್‌ನಲ್ಲಿ ನಮ್ಮದು ಎಷ್ಟು?

ಬಿಯರ್‌ಗೆ ಬೇಕಾಗಿರೋದು ನಾಲ್ಕೇ: ನೀರು, ಮೊಳಕೆ ಕಟ್ಟಿಸಿದ ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್. ಭಾರತದಲ್ಲಿ ಬಾರ್ಲಿ ಹೆಚ್ಚಾಗಿ ಬೆಳೆಯೋದು ರಾಜಸ್ಥಾನ, ಉತ್ತರ ಪ್ರದೇಶದ ಕಡೆ. ಕಹಿ ಕೊಡುವ ಹಾಪ್ಸ್‌ಗೆ ಬೇಸಿಗೆಯಲ್ಲಿ ಉದ್ದದ ಹಗಲು, ಚಳಿಗಾಲದಲ್ಲಿ ಒಳ್ಳೆ ಚಳಿ ಬೇಕು. ದೇಶದಲ್ಲಿ ಹಿಮಾಚಲದ ಲಾಹೌಲ್‌ನಂಥ ಕಡೆ ಸ್ವಲ್ಪ ಬೆಳೆಯುತ್ತಾರೆ, ಉಳಿದದ್ದು ಜರ್ಮನಿ, ಅಮೆರಿಕದಿಂದ ಬರುತ್ತೆ. ಅಂದ್ರೆ ಮಾಮೂಲಿ ಗ್ಲಾಸ್‌ನಲ್ಲಿ ನೀರು ಬಿಟ್ರೆ ನಮ್ಮದು ಅನ್ನೋದು ಬಹಳ ಕಡಿಮೆ. ನಮ್ಮ ಬೆಳೆ ಸೇರೋದು ಸೀಸನ್ ಬಿಯರ್‌ಗೆ.

ಮಾವು: ಮೊದಲ ಹಂತದ ಹುದುಗು ಮುಗಿದ ಮೇಲೆ ಸಾಮಾನ್ಯವಾಗಿ ತಿರುಳು ಸೇರಿಸುತ್ತಾರೆ. ಹಣ್ಣಿನ ಸಕ್ಕರೆಯನ್ನೂ ಯೀಸ್ಟ್ ತಿಂದುಬಿಡುತ್ತೆ. ಅದಕ್ಕೇ ಒಳ್ಳೆ ಮಾವಿನ ಬಿಯರ್ ಜ್ಯೂಸ್ ಥರ ಸಿಹಿ ಇರಲ್ಲ, ವಾಸನೆ ಮಾತ್ರ ಉಳಿಯುತ್ತೆ. ತುಂಬಾ ಸಿಹಿ ಇದ್ರೆ ಆಮೇಲೆ ಸಿರಪ್ ಬೆರೆಸಿದ್ದಾರಾ ಅಂತ ಕೇಳಿ.

ರಾಗಿ: ಹಿಮಾಲಯದ ಕಡೆ ರಾಗಿ ಹುದುಗಿಸಿ ತೊಂಗ್ಬಾ ಮಾಡೋದು ಹಳೇ ರೂಢಿ. ಬ್ರೂಪಬ್‌ನಲ್ಲಿ ರಾಗಿಯನ್ನ ಗಂಜಿಯಂತೆ ಬೇಯಿಸಿ ಬಾರ್ಲಿ ಜೊತೆ ಸೇರಿಸಬಹುದು. ರಾಗಿಯಲ್ಲಿ ಗ್ಲೂಟನ್ ಇಲ್ಲ, ಆದರೆ ಜೊತೆಗಿರೋ ಬಾರ್ಲಿಯಲ್ಲಿ ಇದೆ. ಗ್ಲೂಟನ್ ಆಗದವರಿಗೆ ಇದು ಸೇಫ್ ಅಲ್ಲ.

ಕಾಫಿ: ಸ್ಟೌಟ್ ಅನ್ನೋ ಕಪ್ಪು ಬಿಯರ್‌ಗೆ ಕಾಫಿ ಡಿಕಾಕ್ಷನ್ ಅಥವಾ ಪುಡಿ ಹಾಕುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದೇ. ಆದರೆ ಸ್ಟೌಟ್‌ನಲ್ಲಿ ಸುಟ್ಟ ಬಾರ್ಲಿಯೇ ಕಾಫಿ ರುಚಿ ಕೊಡುತ್ತೆ, ರುಚಿ ಬಂತು ಅಂತ ಕಾಫಿ ಇದೆ ಅಂದುಕೊಳ್ಳಬೇಡಿ.

ಬೆಲ್ಲ: ಬಹುತೇಕ ಪೂರ್ತಿ ಹುದುಗಿ ಆಲ್ಕೋಹಾಲ್ ಆಗುತ್ತೆ. ಬಾಯಿಗೆ ತೆಳು ಅನ್ನಿಸಿದರೂ ಕಿಕ್ ಜಾಸ್ತಿ.

ಹುಳಿ ಬಿಯರ್: ಬೋರ್ಡ್‌ನಲ್ಲಿ 'ಸಾರ್' ಅಂತ ಇರುತ್ತೆ. ಮೊಸರು, ಇಡ್ಲಿ ಹಿಟ್ಟಿಗೆ ಹುಳಿ ಕೊಡುವ ಬ್ಯಾಕ್ಟೀರಿಯಾ ಬಳಗವೇ ಇಲ್ಲೂ ಕೆಲಸ ಮಾಡುತ್ತೆ.

ಮಂಡಿಗೆ ಲಾಭ ಇದೆಯಾ?

ಲೆಕ್ಕ ಹಾಕಿ ನೋಡೋಣ. ಲೀಟರ್ ಬಿಯರ್‌ಗೆ 100ರಿಂದ 200 ಗ್ರಾಂ ತಿರುಳು ಅಂದುಕೊಂಡರೆ, 1,000 ಲೀಟರ್ ಬ್ಯಾಚ್‌ಗೆ 100ರಿಂದ 200 ಕೆಜಿ ತಿರುಳು ಬೇಕು. ಓಟೆ, ಸಿಪ್ಪೆ ಕಳೆದು ಅರ್ಧ ತಿರುಳು ಸಿಗುತ್ತೆ ಅಂದ್ರೆ ಹಣ್ಣು ಹೆಚ್ಚೆಂದರೆ 400 ಕೆಜಿ. ಒಂದು ಸಣ್ಣ ಗೂಡ್ಸ್ ಆಟೋ ಲೋಡ್. ಇಂಥ ನೂರು ಬ್ಯಾಚ್ ಮಾಡಿದರೂ 40 ಟನ್ ದಾಟಲ್ಲ. 2025ರಲ್ಲಿ ತೋತಾಪುರಿ ಬೆಲೆ ಕುಸಿದಾಗ ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ಕೊಡಲು ಒಪ್ಪಿದ್ದೇ 2.5 ಲಕ್ಷ ಟನ್‌ವರೆಗೆ. ಹಾಗಾಗಿ ಬಿಯರ್‌ನಿಂದ ಶ್ರೀನಿವಾಸಪುರ ಮಂಡಿಯ ರೇಟ್ ಏರುತ್ತೆ ಅನ್ನೋದು ಆಗದ ಮಾತು. ಅದಕ್ಕೆ ತಿರುಳು ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್‌ಗಳೇ ಬೇಕು.

ಆದರೆ ಒಬ್ಬ ರೈತನಿಗೆ, ಒಬ್ಬ ವ್ಯಾಪಾರಿಗೆ 400 ಕೆಜಿ ಸಣ್ಣ ಆರ್ಡರ್ ಅಲ್ಲ. ಇಂಥ ಕಡೆ ಬೇಕಾಗೋದು ಒಂದೇ ತಳಿ, ಒಂದೇ ಸಮ ಮಾಗಿದ ಹಣ್ಣು, ಹೇಳಿದ ದಿನಕ್ಕೆ ಸಪ್ಲೈ. ಕಾರ್ಬೈಡ್ ಹಾಕಿ ಮಾಗಿಸೋದು ಕಾನೂನಿನಲ್ಲೇ ನಿಷೇಧ, ಅಂಥ ಹಣ್ಣು ತಗೊಂಡು ಹೋಗಲೇಬೇಡಿ. ಮೊಳಕೆ ರಾಗಿ ಒಣಗಿಸಿ ಕೊಡಬಲ್ಲ ಮಹಿಳಾ ಸಂಘಗಳಿಗೂ ವಿಚಾರಿಸಲು ಅಡ್ಡಿಯಿಲ್ಲ. ಹಣ್ಣು ಬರುವ ಎರಡು ತಿಂಗಳ ಮೊದಲೇ ಮಾತಾಡಿ. ಏಲ್ ಬಗೆಯ ಬಿಯರ್ ಆಗೋಕೇ ಎರಡು-ಮೂರು ವಾರ ಬೇಕು, ಬ್ಯಾಚ್ ಪ್ಲಾನ್ ಮೊದಲೇ ಆಗಿರುತ್ತೆ.

ಕುಡಿಯೋರು ಗಮನಿಸಿ

ಬೋರ್ಡ್‌ನಲ್ಲಿ ಎಬಿವಿ ಅಂತ ಇರೋದು ಆಲ್ಕೋಹಾಲ್ ಪ್ರಮಾಣ, ಐಬಿಯು ಅಂತ ಇರೋದು ಕಹಿಯ ಅಳತೆ. ಬಣ್ಣ ನೋಡಿ ಸ್ಟ್ರಾಂಗ್ ಅಂತ ತೀರ್ಮಾನಿಸಬೇಡಿ. ಕಪ್ಪು ಸ್ಟೌಟ್ ಶೇ 4.5 ಇರಬಹುದು, ಹಳದಿ ಬೆಲ್ಲದ ಬಿಯರ್ ಶೇ 8 ಇರಬಹುದು. 330 ಮಿ.ಲೀ. ಗ್ಲಾಸ್‌ನಲ್ಲಿ ಮೊದಲನೆಯದರಲ್ಲಿ ಸುಮಾರು 15 ಮಿ.ಲೀ. ಆಲ್ಕೋಹಾಲ್, ಎರಡನೆಯದರಲ್ಲಿ 26 ಮಿ.ಲೀ. ಹಣ್ಣಿನ ಬಿಯರ್ ಅಂತ ಜ್ಯೂಸ್ ಥರ ಇಳಿಸೋರಿಗೆ ಇದು ತಲೆಗೆ ಹತ್ತಿದ ಮೇಲೇ ಗೊತ್ತಾಗೋದು.

ಬೆಂಗಳೂರಿಂದ ಕೋಲಾರಕ್ಕೆ ಹೈವೇಯಲ್ಲಿ 70 ಕಿ.ಮೀ. ಆಸುಪಾಸು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಕೇಸ್, ಮೊದಲ ಸಲವೇ 10,000 ರೂ.ವರೆಗೆ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಬಸ್, ರೈಲು ಇದೆ, ಗಾಡಿ ಮನೆಯಲ್ಲೇ ಬಿಟ್ಟು ಹೋಗಿ. 21 ತುಂಬದವರಿಗೆ ಮದ್ಯ ಮಾರುವಂತಿಲ್ಲ ಅನ್ನೋದೂ ನೆನಪಿರಲಿ.