ಹುಳುಕು ಹುಡುಕುವ ವಿದ್ಯೆ: ಪೊಳ್ಳಾಚಿಯ ಬಸ್ಸಿನಿಂದ ನಮ್ಮ ಶಾಲೆಯ ತೊಟ್ಟಿಯವರೆಗೆ



ಈ ಸಲ ಒಂದು ನೀರಿನ ತೊಟ್ಟಿಯಿಂದ ಶುರು ಮಾಡುತ್ತೇವೆ. ಇತಿಹಾಸದ ಲೇಖನಕ್ಕೂ ನೀರಿನ ತೊಟ್ಟಿಗೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ಇದೆ, ಸ್ವಲ್ಪ ತಾಳ್ಮೆ ಇರಲಿ!

ನಮ್ಮದು ತಾಳವಾಡಿ ಬೆಟ್ಟದ ಮೇಲಿನ ಒಂದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಹತ್ತನೇ ತರಗತಿ ಮುಗಿಸಿದ ಮಕ್ಕಳಲ್ಲಿ ಅನೇಕರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೋ ಕೊಯಮತ್ತೂರಿನ ವರ್ಕ್‌ಶಾಪುಗಳಿಗೋ ಕೆಲಸಕ್ಕೆ ಹೋಗುತ್ತಾರೆ. ಈಗ ನಾವು ಈರೋಡ್ ಜಿಲ್ಲೆಗೆ ಸೇರಿದವರು. ಆದರೆ 1979ರಲ್ಲಿ ಜಿಲ್ಲೆ ಒಡೆಯುವವರೆಗೆ ನಮ್ಮ ಜಿಲ್ಲೆ ಕೊಯಮತ್ತೂರೇ. 1956ರ ನವೆಂಬರ್ 1ಕ್ಕೆ ಮೊದಲು ಕೊಳ್ಳೇಗಾಲವೂ ಅದೇ ಜಿಲ್ಲೆಯ ತಾಲ್ಲೂಕಾಗಿತ್ತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಆದ್ದರಿಂದ ಆ ಊರುಗಳ ಚರಿತ್ರೆ ನಮ್ಮ ಮಕ್ಕಳ ಚರಿತ್ರೆಯೂ ಹೌದು.

ಇನ್ನು ತೊಟ್ಟಿಯ ವಿಷಯ. ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ರಾಸ್ಪ್‌ಬೆರಿ ಪೈ ಕೊಡಿಸಿದರು. ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್, ಜೊತೆಗೆ ಸೆನ್ಸರುಗಳ ತಂತಿ ಸಿಕ್ಕಿಸಲು 40 ಪಿನ್ನುಗಳು. ತೊಟ್ಟಿ ತುಂಬಿ ನೀರು ಹರಿದು ಹೋಗುವುದನ್ನು ತಪ್ಪಿಸೋಣ ಎಂದು ಮಕ್ಕಳು ಅದಕ್ಕೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸಿದರು. ಅದು ನಮ್ಮ ಕಿವಿಗೆ ಕೇಳಿಸದ ಸದ್ದನ್ನು ನೀರಿನ ಕಡೆಗೆ ಕಳಿಸುತ್ತದೆ. ಸದ್ದು ಬಡಿದು ಹಿಂತಿರುಗಲು ಎಷ್ಟು ಹೊತ್ತಾಯಿತು ಎಂಬುದರಿಂದ ನೀರು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳುತ್ತಿದ್ದರಲ್ಲ ನಮ್ಮ ಅಜ್ಜಂದಿರು, ಹೆಚ್ಚುಕಡಿಮೆ ಹಾಗೆಯೇ.

ಎಲ್ಲ ಸರಿಯಾಗಿತ್ತು. ಆದರೆ ತೊಟ್ಟಿ ಅರ್ಧವೂ ಇಲ್ಲದಾಗ ಒಮ್ಮೊಮ್ಮೆ ಪರದೆಯ ಮೇಲೆ ‘ತುಂಬಿದೆ’ ಎಂದು ಬರುತ್ತಿತ್ತು! ಮಕ್ಕಳು ಮೂರು ದಿನ ಪ್ರೋಗ್ರಾಂ ತಿದ್ದಿದರು. ನಾವೂ ತಿದ್ದಿದೆವು. ತಿದ್ದಿದಷ್ಟೂ ಕೆಟ್ಟಿತು. ಕೊನೆಗೆ, ಇದೆಲ್ಲ ಇಂಗ್ಲಿಷ್ ಬಲ್ಲವರ ಕೆಲಸ, ನಮ್ಮಂಥವರಿಗಲ್ಲ ಎಂದು ಪೆಟ್ಟಿಗೆಗೆ ಹಾಕಿಡುವ ಹಂತಕ್ಕೆ ಬಂದೆವು. ಮುಂದೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು ಘಟ್ಟದ ಕೆಳಗಿನ ಕಥೆ ಕೇಳಿ.

ಬಿಚ್ಚಿ ನೋಡಿದ ಹುಡುಗ

ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಜಿ. ಡಿ. ನಾಯ್ಡು ಅವರಿಗೆ ಶಾಲೆಯ ಓದು ಹತ್ತಲಿಲ್ಲ. ಒಮ್ಮೆ ಒಬ್ಬ ಆಂಗ್ಲ ಅಧಿಕಾರಿಯ ಮೋಟಾರ್ ಸೈಕಲ್ ಕಣ್ಣಿಗೆ ಬಿತ್ತು. ಹೋಟೆಲಿನಲ್ಲಿ ಸರ್ವರ್ ಕೆಲಸ ಮಾಡಿ ದುಡ್ಡು ಕೂಡಿಸಿ ಅದನ್ನೇ ಕೊಂಡರು. ಕೊಂಡ ಮೇಲೆ ಮಾಡಿದ್ದೇನು? ಭಾಗ ಭಾಗವಾಗಿ ಬಿಚ್ಚಿ ಹರಡಿ, ಮತ್ತೆ ಜೋಡಿಸಿದರು! ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ ಇದು.

1920ರಲ್ಲಿ ಅವರು ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ಮಾರ್ಗದಲ್ಲಿ ಸಾರಿಗೆ ಆರಂಭಿಸಿದರು. ನಡುವೆ ಬರುವ ಉಡುಮಲೈಪೇಟೆ ಈಗ ತಿರುಪ್ಪೂರು ಜಿಲ್ಲೆಯಲ್ಲಿದೆ. 1933ರ ಹೊತ್ತಿಗೆ ಅವರ ಯು.ಎಂ.ಎಸ್. ಸಂಸ್ಥೆಯ ಬಸ್ಸುಗಳು 280 ಆಗಿದ್ದವು. ಅಷ್ಟು ಬಸ್ಸು ಓಡಬೇಕಾದರೆ ಕೆಟ್ಟದ್ದನ್ನು ಅಲ್ಲಲ್ಲೇ ರಿಪೇರಿ ಮಾಡುವ ಕೈಗಳು ಬೇಕಲ್ಲವೇ? 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರ ಜೊತೆಗೂಡಿ ಭಾರತದ ಮೊದಲ ವಿದ್ಯುತ್ ಮೋಟಾರನ್ನು ಕೊಯಮತ್ತೂರಿನಲ್ಲಿ ತಯಾರಿಸಿದರು. ಇಂದಿನ ಸರ್ಕಾರಿ ತಾಂತ್ರಿಕ ಕಾಲೇಜಿನ ಮೂಲವಾದ ಆರ್ಥರ್ ಹೋಪ್ ಸಂಸ್ಥೆ 1945ರಲ್ಲಿ ಹುಟ್ಟಿದ್ದರ ಹಿಂದೆಯೂ ಇವರಿದ್ದರು. ಜನ ಅವರನ್ನು ‘ಭಾರತದ ಎಡಿಸನ್’ ಎಂದು ಕರೆದರು. 1974ರಲ್ಲಿ ತೀರಿಕೊಂಡರು. ಅವಿನಾಶಿ ರಸ್ತೆಯ ಉದ್ದನೆಯ ಮೇಲ್ಸೇತುವೆಗೆ 2025ರಲ್ಲಿ ಅವರ ಹೆಸರಿಡಲಾಯಿತು.

ಇಲ್ಲಿ ಒಂದು ಮಾತು. ನಾಯ್ಡು ಒಬ್ಬರ ಹೆಸರು ಪುಸ್ತಕದಲ್ಲಿ ಉಳಿಯಿತು. ಆದರೆ ಈ ವಿದ್ಯೆ ಒಬ್ಬರಿಂದ ಬೆಳೆದದ್ದಲ್ಲ. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ ಬಯಲಿಗೆ ಇಳಿಯಿತು. ಗಿರಣಿಗಳು ಹೆಚ್ಚಿದವು, ಬಾವಿಗಳಿಗೆ ಮೋಟಾರ್ ಬಂತು. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಮೋಟಾರಿನ ವೈಂಡಿಂಗ್ ಸುಟ್ಟು ಹೋಗುತ್ತದೆ. ಅದನ್ನು ಅರಿತು ಮೋಟಾರನ್ನು ತಾನಾಗಿ ನಿಲ್ಲಿಸುವ ಸಣ್ಣ ಪೆಟ್ಟಿಗೆಯನ್ನು ರೈತರು ಸ್ಟಾರ್ಟರಿನ ಪಕ್ಕದಲ್ಲಿ ಹಾಕಿಸಿಕೊಂಡರು. ಇದೂ ಸೆನ್ಸರೇ ತಾನೇ? ಹೆಸರು ಗೊತ್ತಿಲ್ಲದೆಯೇ ನಮ್ಮ ರೈತ ಅದರ ಜೊತೆ ಬಾಳಿದ್ದಾನೆ. ಮೋಟಾರ್ ಓಡುತ್ತಿದ್ದರೂ ನೀರು ಬಾರದಿದ್ದರೆ ಮೊದಲು ಫುಟ್‌ವಾಲ್ವ್ ನೋಡು, ಆಮೇಲೆ ಪಂಪು ಬಿಚ್ಚು ಎಂಬ ಕ್ರಮವನ್ನು ಯಾವ ಕಾಲೇಜೂ ಅವನಿಗೆ ಕಲಿಸಲಿಲ್ಲ.

ಮಗ್ಗದ ಮೇಲಿನ ಲಿಪಿ

ಕೊಯಮತ್ತೂರು ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ. ಚೌಡೇಶ್ವರಿ ಅವರ ಕುಲದೇವಿ. ನೇಕಾರರ ಮನೆಗಳಲ್ಲಿ ಸೀರೆಯ ಅಂಚಿಗೆ ಹೂವು ಬಳ್ಳಿ ಬಿಡಿಸಲು ಜಕಾರ್ಡ್ ಪೆಟ್ಟಿಗೆ ಬಳಸುತ್ತಾರೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರ ಇದು. ಕಾರ್ಡಿನಲ್ಲಿ ತೂತು ಇದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಇದೇ ಕಾರ್ಡುಗಳ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೆಗೆದುಕೊಂಡ. ಅಮೆರಿಕದ 1890ರ ಜನಗಣತಿಯನ್ನು ತೂತು ಕಾರ್ಡುಗಳಿಂದಲೇ ಎಣಿಸಿದರು. ಅಂದರೆ ನಮ್ಮ ನೇಕಾರರು ಕಂಪ್ಯೂಟರಿನ ಅಜ್ಜನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು ಎಂದರೆ ತಪ್ಪಾಗಲಾರದು! ಸೀರೆಯಲ್ಲಿ ಒಂದು ಹೂವು ತಪ್ಪಿ ಬಂದರೆ ನೇಕಾರ ಏನು ಮಾಡುತ್ತಾನೆ? ಕಾರ್ಡು ಹರಿದಿದೆಯೇ, ಸೂಜಿ ಬಾಗಿದೆಯೇ, ಎಳೆ ತುಂಡಾಗಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಕಾರ್ಡು ಎಂದರೆ ಸಾಫ್ಟ್‌ವೇರ್, ಸೂಜಿ ಎಂದರೆ ಹಾರ್ಡ್‌ವೇರ್.

ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್ ಪ್ರದೇಶಕ್ಕೆ ಬನ್ನಿ. ಹಾಸಿನ ಎಳೆ ತುಂಡಾದರೆ ತಾನೇ ನಿಲ್ಲುವ ಮಗ್ಗಗಳಲ್ಲಿ ಪ್ರತಿ ಎಳೆಯ ಮೇಲೂ ಒಂದು ತೆಳು ಲೋಹದ ಪಟ್ಟಿ ಕೂತಿರುತ್ತದೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತದೆ, ವಿದ್ಯುತ್ ಸುತ್ತು ಕೂಡುತ್ತದೆ, ಮಗ್ಗ ನಿಲ್ಲುತ್ತದೆ. ತಿರುಪ್ಪೂರಿನ ಹೆಣಿಗೆ ಯಂತ್ರದಲ್ಲೂ ನೂಲು ಕಡಿದರೆ ದೀಪ ಹತ್ತಿ ಯಂತ್ರ ನಿಲ್ಲುತ್ತದೆ. ದೀಪ ಎಲ್ಲಿ ಹತ್ತಿತು ಎಂದು ನೋಡಿ ಓಡುವವರು ಹೆಲ್ಪರ್ ಹುಡುಗರು. ಅವರಲ್ಲಿ ನಮ್ಮ ಬೆಟ್ಟದ ಹುಡುಗರೂ ಇದ್ದಾರೆ.

ಶಾಲೆಗೆ ಬಂದ ಕಂಪ್ಯೂಟರ್

1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ ‘ಕ್ಲಾಸ್’ ಎಂಬ ಯೋಜನೆ ತಂದಿತು. ಅದರಲ್ಲಿ ಆಯ್ದ ಶಾಲೆಗಳಿಗೆ ಬಂದದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿ ಮಾಡಿದ ಬಿಬಿಸಿ ಮೈಕ್ರೋ. ಅದೇ ಏಕಾರ್ನ್ 1985ರಲ್ಲಿ ಎ.ಆರ್.ಎಂ. ಎಂಬ ಚಿಪ್ಪನ್ನು ರೂಪಿಸಿತು. ಇಂದು ನಮ್ಮ ಮೊಬೈಲುಗಳಲ್ಲಿರುವುದು ಅದರ ಸಂತತಿಯೇ.

2000ದ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಗೆಳೆಯರು ಒಂದು ಸಂಗತಿ ಗಮನಿಸಿದರು. ಕಂಪ್ಯೂಟರ್ ಓದಲು ಬರುವ ಮಕ್ಕಳಿಗೆ ಬಳಸಲು ಗೊತ್ತು, ಒಳಗೆ ಕೈಹಾಕಿದ ಅನುಭವವಿಲ್ಲ. ಕೆಟ್ಟರೂ ಹೆದರಬೇಕಾಗಿಲ್ಲದಷ್ಟು ಅಗ್ಗದ ಕಂಪ್ಯೂಟರ್ ಬೇಕು ಎಂದು 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಬಿಡುಗಡೆ ಮಾಡಿದರು. ಬೆಲೆ 35 ಡಾಲರ್, ಒಳಗಿದ್ದದ್ದು ಎ.ಆರ್.ಎಂ. ಚಿಪ್ಪು. ಅದಕ್ಕೂ ಮೊದಲು, 2005ರಲ್ಲಿ, ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೋ ಹುಟ್ಟಿತ್ತು. ಅದು ಪೂರ್ಣ ಕಂಪ್ಯೂಟರ್ ಅಲ್ಲ, ಒಂದು ಕೆಲಸವನ್ನು ಎಡೆಬಿಡದೆ ಮಾಡುವ ಪುಟ್ಟ ನಿಯಂತ್ರಕ. ನಮ್ಮಲ್ಲಿ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ ಮೂಲಕ ಇಂಥ ಹಲಗೆಗಳು ಅನೇಕ ಶಾಲೆಗಳನ್ನು ಮುಟ್ಟಿವೆ.

ಅಂದ ಹಾಗೆ, ಪ್ರೋಗ್ರಾಮಿನ ತಪ್ಪಿಗೆ ‘ಬಗ್’ ಅಂದರೆ ಹುಳು ಎನ್ನುತ್ತಾರಲ್ಲ? 1947ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ನ ಕಂಪ್ಯೂಟರಿನೊಳಗೆ ನಿಜವಾದ ಒಂದು ಪತಂಗ ಸಿಕ್ಕಿ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆದರೆ ಯಂತ್ರದ ತೊಡಕಿಗೆ ಆ ಮಾತನ್ನು ಎಡಿಸನ್ 1878ರಲ್ಲೇ ಬಳಸಿದ್ದ. ನಮ್ಮಲ್ಲಿ ನೋಡಿ, ಹುಳು ಹೊಕ್ಕ ಕಾಳಿಗೂ ಹಲ್ಲಿಗೂ ‘ಹುಳುಕು’ ಎನ್ನುತ್ತೇವೆ. ದೋಷಕ್ಕೂ ಅದೇ ಮಾತು. ‘ಹುಳುಕು ಹುಡುಕು’ ಎಂದರೆ ಕನ್ನಡದ ಮಗುವಿಗೆ ಬೇರೆ ವಿವರಣೆಯೇ ಬೇಡ!

ಮತ್ತೆ ತೊಟ್ಟಿಗೆ

ಈಗ ನಮ್ಮ ತೊಟ್ಟಿಯ ಕಥೆ ಮುಗಿಸುತ್ತೇವೆ. ಆ ಗುಂಪಿನಲ್ಲಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಸಂಜೆ ತಿರುಪ್ಪೂರಿನಲ್ಲಿರುವ ತನ್ನ ಅಣ್ಣನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡಳು. ಅವನೂ ನಮ್ಮ ಶಿಷ್ಯನೇ. ಹತ್ತನೇ ತರಗತಿಯ ನಂತರ ಓದು ಬಿಟ್ಟವನು. ಅವನು ಹೇಳಿದ್ದು ಇಷ್ಟೇ: “ಮಷೀನ್ ನಿಂತ್ರೆ ನಾವು ಮೊದ್ಲು ಕರೆಂಟ್ ನೋಡ್ತೀವಿ, ಆಮೇಲೆ ನೂಲು, ಆಮೇಲೆ ಸೂಜಿ. ಸೆಟ್ಟಿಂಗ್ ಮುಟ್ಟೋದು ಕಡೇಲಿ. ಎಲ್ಲಾ ಒಟ್ಟಿಗೆ ಬದಲಾಯಿಸ್ಬೇಡ, ಒಂದೊಂದೇ ಬದಲಾಯ್ಸು. ಯಾವಾಗ ತಪ್ಪು ಬರುತ್ತೆ ಅಂತ ಟೈಮ್ ಬರ್ದಿಡು.”

ನಾವು ಮಾಡಿದ್ದು ಇದರ ತಲೆಕೆಳಗು. ಮೊದಲು ಕೈಹಾಕಿದ್ದೇ ಪ್ರೋಗ್ರಾಮಿಗೆ! ಮರುದಿನ ಕರೆಂಟಿನಿಂದ ಶುರು ಮಾಡಿದೆವು. ಪರದೆಯ ಮೂಲೆಯಲ್ಲಿ ಆಗಾಗ ಮಿಂಚಿನ ಗುರುತು ಮೂಡುತ್ತಿತ್ತು. ವೋಲ್ಟೇಜ್ ಸಾಲದು ಎಂದು ಅದರ ಅರ್ಥ. ಹಳೆಯ ಮೊಬೈಲ್ ಚಾರ್ಜರ್ ತೆಗೆದು ತಕ್ಕದ್ದನ್ನು ಹಾಕಿದೆವು. ಆಮೇಲೆ ತಂತಿ. ಸೆನ್ಸರ್ 5 ವೋಲ್ಟ್ ಕಳಿಸುತ್ತದೆ, ಪೈ ಪಿನ್ನು ತಡೆಯುವುದು 3.3 ವೋಲ್ಟ್ ಮಾತ್ರ. ನಡುವೆ ಎರಡು ರೆಸಿಸ್ಟರ್ ಹಾಕಿ ತಗ್ಗಿಸಬೇಕು, ನಾವು ಹಾಕಿರಲಿಲ್ಲ. ಪಿನ್ನು ಸುಡದೆ ಉಳಿದದ್ದು ಪುಣ್ಯ. ಮೂರನೆಯದಾಗಿ ಸೆನ್ಸರ್. ಸ್ಕೇಲು ಹಿಡಿದು 30 ಸೆಂಟಿಮೀಟರ್ ದೂರಕ್ಕೆ ಪುಸ್ತಕ ಇಟ್ಟರೆ ಸರಿಯಾಗಿ 30 ಎಂದೇ ತೋರಿಸಿತು. ಹಾಗಾದರೆ ಹುಳುಕು ಎಲ್ಲಿ?

ಹುಡುಗಿ ಟೈಮ್ ಬರೆದಿಟ್ಟಳು. ಮೂರು ದಿನದ ಪಟ್ಟಿ ನೋಡಿದರೆ ತಪ್ಪು ಬಂದದ್ದೆಲ್ಲ ಮೋಟಾರ್ ಓಡುವ ಹೊತ್ತಿನಲ್ಲೇ! ತೊಟ್ಟಿಯ ಮುಚ್ಚಳ ತೆಗೆದು ನೋಡಿದೆವು. ಪೈಪಿನಿಂದ ಬೀಳುವ ನೀರಿನ ಧಾರೆ ಸೆನ್ಸರಿನ ಮುಂದೆಯೇ ಹಾದುಹೋಗುತ್ತಿತ್ತು. ಸದ್ದು ಆ ಧಾರೆಗೇ ಬಡಿದು ಹಿಂತಿರುಗುತ್ತಿತ್ತು, ಹತ್ತಿರದಲ್ಲೇ ನೀರಿದೆ ಎಂದು ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಸೆನ್ಸರನ್ನು ಎರಡು ಅಡಿ ಪಕ್ಕಕ್ಕೆ ಸರಿಸಿದೆವು, ಅಷ್ಟೇ. ಮೂರು ದಿನ ತಿದ್ದಿದ ಪ್ರೋಗ್ರಾಂನಲ್ಲಿ ತಪ್ಪೇ ಇರಲಿಲ್ಲ!

ಆ ಹುಡುಗನಿಗೆ ಫೋನ್ ಮಾಡಿ ಹೇಳಿದಾಗ, “ನಾನೇನ್ ಸಾರ್, ಬರೀ ಹೆಲ್ಪರ್” ಎಂದ. ಆ ಮಾತು ನಮ್ಮನ್ನು ಚುಚ್ಚಿತು. ಎಳೆ ಕಡಿದದ್ದನ್ನು ಕಂಡುಹಿಡಿಯುವ ಕ್ರಮ ಅವನಿಗೆ ಗೊತ್ತಿತ್ತು. ಅದಕ್ಕೆ ವಿದ್ಯೆ ಎಂಬ ಹೆಸರಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವೇ ಅಲ್ಲವೇ?

ಇನ್ನೊಂದು ಸಣ್ಣ ಸಂಗತಿ. ಮಕ್ಕಳು ತೊಟ್ಟಿಯ ಬಳಿ ಎರಡು ಸಾಲಿನ ಪುಟ್ಟ ಎಲ್‌ಸಿಡಿ ಪರದೆ ಹಾಕಿದರು. ಅದರಲ್ಲಿ ಇಂಗ್ಲಿಷ್ ಇತ್ತು, ಜಪಾನಿ ಅಕ್ಷರಗಳೂ ಇದ್ದವು, ಕನ್ನಡ ಇರಲಿಲ್ಲ. ಆದರೆ ನಾವೇ ಬಿಡಿಸಿ ತುಂಬಲು ಎಂಟು ಖಾಲಿ ಮನೆಗಳಿದ್ದವು, ಪ್ರತಿ ಮನೆಗೆ ಅಡ್ಡ 5, ಉದ್ದ 8 ಚುಕ್ಕಿ. ಗ್ರಾಫ್ ಕಾಗದದ ಮೇಲೆ ರಂಗೋಲಿಯಂತೆ ಚುಕ್ಕಿ ತುಂಬಿ ‘ತುಂಬಿದೆ’ ಎಂದು ಬರೆದರು. ತುಂ ಎಂಬುದಕ್ಕೆ ಮೂರು ಮನೆ, ಬಿ ಮತ್ತು ದೆ ಅಕ್ಷರಗಳಿಗೆ ಎರಡೆರಡು. ಏಳು ಮನೆ ಸಾಕಾಯಿತು. ಅಂದವಾಗಿ ಬಂದಿಲ್ಲ, ಆದರೆ ಬಿಸಿಯೂಟ ಮಾಡುವ ಅಮ್ಮ ಅದನ್ನು ಓದಿ ಮೋಟಾರ್ ನಿಲ್ಲಿಸುತ್ತಾರೆ. ಪೈಥಾನ್ ಭಾಷೆಯಲ್ಲಿ 2008ರ ಮೂರನೇ ಆವೃತ್ತಿಯಿಂದ ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದು. ನಮ್ಮ ಪ್ರೋಗ್ರಾಮಿನಲ್ಲಿ ‘ದೂರ’ ಎಂಬುದು ‘ದೂರ’ ಎಂದೇ ಇದೆ.

ಬಸ್ಸು ರಿಪೇರಿ ಮಾಡಿದ ಕೈಗಳು, ಮೋಟಾರಿಗೆ ತಂತಿ ಸುತ್ತಿದ ಕೈಗಳು, ಮಗ್ಗದ ಎಳೆ ಕಟ್ಟಿದ ಕೈಗಳು ತಮ್ಮ ಅನುಭವ ಬರೆದಿಡಲಿಲ್ಲ. ಹಾಗಾಗಿ ಅವರ ಚರಿತ್ರೆ ಪಾಠವಾಗಲಿಲ್ಲ. ನಮ್ಮ ಶಾಲೆಯಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಏನು ಕೆಟ್ಟಿತು, ಯಾವಾಗ ಕೆಟ್ಟಿತು, ಏನು ನೋಡಿದೆವು, ಹೇಗೆ ಸರಿಹೋಯಿತು, ಎಲ್ಲವೂ ಕನ್ನಡದಲ್ಲಿ. ಮೊದಲ ಪುಟದಲ್ಲಿ ಆ ಅಣ್ಣ ಹೇಳಿದ ನಾಲ್ಕು ಮಾತುಗಳಿವೆ. ನಿಮ್ಮ ಶಾಲೆಯಲ್ಲೂ ಅಂಥದೊಂದು ನೋಟ್‌ಬುಕ್ ಇಡಿ. ಮುಂದಿನ ಸಲ ನಮ್ಮ ಹುಡುಗ ಘಟ್ಟ ಇಳಿದು ಯಂತ್ರದ ಮುಂದೆ ನಿಂತಾಗ, ದೀಪ ಏಕೆ ಹತ್ತಿತು ಎಂದು ಕೇಳುವ ಧೈರ್ಯ ಅವನ ಜೊತೆ ಇರಲಿ.