ಒಂದೇ ಬಾಗಿಲಿನ ಪದವಿ

ಈ ಸಲದ ಮಾತು ನಮ್ಮ ಮನೆಯಿಂದಲೇ ಶುರು. ನನ್ನ ಅಕ್ಕನ ಮಗ ಕಳೆದ ವರ್ಷ ಎಂಜಿನಿಯರಿಂಗ್ ಮುಗಿಸಿದ. ಆಫರ್ ಲೆಟರ್ ಬಂತು, ಕೆಲಸಕ್ಕೆ ಸೇರುವ ದಿನಾಂಕ ಮಾತ್ರ ಇನ್ನೂ ಬಂದಿಲ್ಲ. ಎಜುಕೇಷನ್ ಲೋನ್ ಕಂತು ಕಾಯುತ್ತಾ? ಮೊನ್ನೆ ಅಕ್ಕ ಫೋನಲ್ಲಿ, "ಕೆಲಸಾನೇ ಇಲ್ದಿದ್ರೆ ಇಷ್ಟೊಂದು ಕಾಲೇಜು ಯಾಕೋ ತೆಗೆದ್ರು?" ಅಂದ್ಲು. ತಕ್ಷಣಕ್ಕೆ ಉತ್ತರ ಹೊಳೀಲಿಲ್ಲ. ಆ ಪ್ರಶ್ನೆಗೆ ನಾವಿರುವ ಈ ಚೆನ್ನೈನಲ್ಲೇ ಹಳೇ ಕಥೆಯೊಂದಿದೆ.

ಗಿಂಡಿ ಎಂಜಿನಿಯರಿಂಗ್ ಕಾಲೇಜು ನಿಮಗೆ ಗೊತ್ತು. ಅದರ ಮೂಲ 1794ರ ಒಂದು ಸರ್ವೆ ಶಾಲೆ. ಈಸ್ಟ್ ಇಂಡಿಯಾ ಕಂಪನಿಗೆ ಭೂಮಿ ಅಳೆಯೋರು ಬೇಕಿತ್ತು. ಎಂಟು ಹುಡುಗರನ್ನು ಇಟ್ಟುಕೊಂಡು ಕಲಿಸೋಕೆ ಶುರು ಮಾಡಿದ್ರು. ಅಂದ್ರೆ ಕೆಲಸ ಮೊದಲು, ಶಾಲೆ ಆಮೇಲೆ.

1857ರಲ್ಲಿ ಬಂದ ಮದ್ರಾಸ್ ವಿಶ್ವವಿದ್ಯಾಲಯದ್ದು ಬೇರೆ ದಾರಿ. ಶುರುವಿನಲ್ಲಿ ಅದು ಪಾಠ ಹೇಳ್ತಿರಲಿಲ್ಲ. ಪಾಠ ಕಾಲೇಜುಗಳಲ್ಲಿ, ಪರೀಕ್ಷೆ ನಡೆಸಿ ಪದವಿ ಕೊಡೋದಷ್ಟೇ ಇದರ ಕೆಲಸ. ಆ ಪದವಿಗೆ ಬೆಲೆ ಕೊಡುತ್ತಿದ್ದ ದೊಡ್ಡ ಯಜಮಾನ ಒಬ್ಬನೇ, ಸರ್ಕಾರ. ಬಿ.ಎ. ಅಂದ್ರೆ ಕಚೇರಿ, ಕೋರ್ಟು, ಇಲ್ಲವೇ ಮೇಷ್ಟರ ಕೆಲಸ.

ಇದರಲ್ಲಿ ನಮ್ಮವರೂ ಇದ್ದರು. ಮಂಗಳೂರು, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಮೈಸೂರು ಸಂಸ್ಥಾನ ಬೇರೆಯಾದರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರಿಗೂ ಮೈಸೂರಿನ ಮಹಾರಾಜಾ ಕಾಲೇಜಿನವರಿಗೂ ಪದವಿ ಸಿಗ್ತಿದ್ದದ್ದು ಮದ್ರಾಸಿನಿಂದ. ಸರ್ ಎಂ. ವಿಶ್ವೇಶ್ವರಯ್ಯನವರ 1881ರ ಬಿ.ಎ. ಕೂಡ ಹಾಗೇ ಬಂದದ್ದು. ಇನ್ನೊಂದು ತಮಾಷೆ ನೋಡಿ: ಮದ್ರಾಸಿನ ಪದವೀಧರರು ಮೈಸೂರಿನ ದೊಡ್ಡ ಹುದ್ದೆಗಳಿಗೆ ಬರ್ತಿದ್ರು, ಅದಕ್ಕೆ ಅಲ್ಲಿ "ಮೈಸೂರು ಮೈಸೂರಿನವರಿಗೆ" ಅನ್ನೋ ಕೂಗೆದ್ದಿತ್ತು. ಇವತ್ತು ಕರ್ನಾಟಕದ ಪದವಿ ಹಿಡಿದು ಓಎಂಆರ್‌ಗೆ ಬಂದವರು ನಾವು!

1912ರಲ್ಲಿ ವಿಶ್ವೇಶ್ವರಯ್ಯ ದಿವಾನರಾದರು. ಅವರ ಕಾಲದಲ್ಲಿ ಮೈಸೂರು ಬ್ಯಾಂಕು, ಹೆಬ್ಬಾಳದ ಕೃಷಿ ಶಾಲೆ, ಬೆಂಗಳೂರಿನ ಮೆಕ್ಯಾನಿಕಲ್ ಶಾಲೆ ಬಂದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಯೋಜನೆಯೂ ಆಗಿನದೇ. ಕಾಲೇಜೂ ಕಾರ್ಖಾನೆಯೂ ಜೊತೆಜೊತೆಗೆ ಬೆಳೀಬೇಕು ಅನ್ನೋ ಲೆಕ್ಕ ಇದರಲ್ಲಿ ಕಾಣುತ್ತೆ.

ಆದರೂ ಜಗಳ ಕೊನೆಗೆ ಬಂದು ನಿಂತದ್ದು ಸರ್ಕಾರಿ ಕುರ್ಚಿಯ ಮುಂದೆಯೇ. ಆ ಕುರ್ಚಿಗಳು ಬಹುಪಾಲು ಬ್ರಾಹ್ಮಣರ ಕೈಲಿದ್ದವು. ಹಿಂದುಳಿದವರಿಗೆ ಪಾಲು ಕೊಡಿಸುವ ದಾರಿ ಹುಡುಕಲು 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಅದನ್ನು ಒಪ್ಪದ ದಿವಾನರು ಹುದ್ದೆ ಬಿಟ್ಟರು. ಪದವಿಗೆ ಇರೋದು ಒಂದೇ ಬಾಗಿಲಾದಾಗ, ಅದರೊಳಗೆ ಯಾರು ಮೊದಲು ಹೋಗಬೇಕು ಅನ್ನೋದೇ ರಾಜಕೀಯ ಆಗುತ್ತೆ. ಹೊರಗೇ ನಿಂತಿದ್ದವರು ಪಾಲು ಕೇಳಿದ್ದು ನ್ಯಾಯವೇ.

ಈಗ ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಮೊದಲೇ ಬಂದಿದ್ದವು. ತಮಿಳುನಾಡಿನಲ್ಲಿ 1980ರ ದಶಕದಲ್ಲಿ ಬಾಗಿಲು ತೆಗೀತು, ಮುಂದೆ ಸಂಖ್ಯೆ ಐನೂರು ದಾಟಿತು. ಆಮೇಲೆ ಎಷ್ಟೋ ಕಾಲೇಜು ಸೀಟು ತುಂಬದೆ ಮುಚ್ಚಿದವು. ನಾನು ಓದಿದ್ದು ಮೆಕ್ಯಾನಿಕಲ್. ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿ ಯಾವ ಬ್ರಾಂಚು ಅಂತ ಕೇಳಲೇ ಇಲ್ಲ. ಸೇರಿಸಿಕೊಂಡು, ಸಂಬಳ ಕೊಟ್ಟು, ಜಾವಾ ಕಲಿಸ್ತು. ಕಾಲೇಜು ಕಲಿಸದೇ ಬಿಟ್ಟದ್ದನ್ನ ಕಂಪನಿ ತುಂಬಿಕೊಡ್ತಿತ್ತು. ಹಾಗಾಗಿ ಆ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಕಂಪನಿಗಳು ಕಲಿತೇ ಬನ್ನಿ ಅನ್ನುತ್ತಿವೆ. ಆ ಖರ್ಚು ಅಕ್ಕನಂಥವರ ಮನೆ ಮೇಲೆ ಬಿದ್ದಿದೆ.

ಹಾಗಾದ್ರೆ ಕಾಲೇಜು ಹೆಚ್ಚಾದದ್ದೇ ತಪ್ಪಾ? ನಾನು ಹಾಗೆ ಹೇಳಲಾರೆ. ನಮ್ಮ ಮನೆಯಲ್ಲಿ ಪದವಿ ಕಂಡ ಮೊದಲಿಗ ನಾನೇ; ಸೀಟು ಹೆಚ್ಚದೇ ಇದ್ದಿದ್ರೆ ಇಲ್ಲಿ ಕೂತು ಮಾತಾಡ್ತಿರಲಿಲ್ಲ. ತಪ್ಪಾದದ್ದು, ಸೀಟು ಹೆಚ್ಚಿದಂತೆ ಬಾಗಿಲು ಹೆಚ್ಚದೇ ಹೋದದ್ದು. ಅಂದು ಸರ್ಕಾರ, ಇಂದು ಕ್ಯಾಂಪಸ್ ಇಂಟರ್‌ವ್ಯೂ.

ಇನ್ನೊಂದು ಸಣ್ಣ ಬಾಗಿಲು ಹತ್ತಿರದಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯನ್ನು 1973ರಲ್ಲಿ ತಿದ್ದಿ ಎಂಜಿನಿಯರಿಂಗ್ ಪದವೀಧರರನ್ನೂ ಸೇರಿಸಿದರು. ಕೆಲಸದ ಜಾಗದಲ್ಲೇ ಒಂದು ವರ್ಷ ಕಲಿಕೆ, ಜೊತೆಗೆ ಸ್ಟೈಪೆಂಡ್. ಅದರಲ್ಲಿ ಒಂದು ಪಾಲು ಕೇಂದ್ರ ಸರ್ಕಾರದ್ದು. ಗಿಂಡಿಯ ಎಂಟು ಹುಡುಗರ ದಾರಿಯೇ ಇದು. ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಇರೋದು ತರಮಣಿಯಲ್ಲಿ. ನಮ್ಮಲ್ಲಿ ಎಷ್ಟೋ ಜನ ಅದರ ಮುಂದೇನೇ ದಿನಾ ಆಫೀಸಿಗೆ ಹೋಗ್ತೀವಿ.

ಅಕ್ಕನಿಗೆ ಹೇಳಿದೆ: "ದಿನಾಂಕ ಕಾಯ್ತಾ ಕೂರೋದು ಬೇಡ, ಅವನು ಅಪ್ರೆಂಟಿಸ್‌ಗೆ ಹೆಸರು ನೋಂದಾಯಿಸಲಿ." ಸಂಬಳಕ್ಕಿಂತ ಸ್ಟೈಪೆಂಡ್ ಕಡಿಮೆ ಅಂತ ಅಳಿಯನಿಗೆ ಮುನಿಸಿದೆ. ಆದರೂ ಈ ಭಾನುವಾರ ಚೆನ್ನೈಗೆ ಬರ್ತಾನೆ. ನಿಮ್ಮ ಟೀಮಿನಲ್ಲಿ ಅಪ್ರೆಂಟಿಸ್‌ಗಳನ್ನು ತಗೊಳ್ತಾರಾ? ಸೋಮವಾರ ಒಂದು ಮಾತು ಕೇಳಿ ನೋಡಿ.